ಮಕ್ಕಳ ನ್ಯಾಯ: ಮಾಂಡವ್ಯನಿಂದ ಮೈಸೂರಿನವರೆಗೆ

ಯುಗಾದಿ ಕೂಟದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸಂಪಾದಕರು ನಮ್ಮನ್ನು ಹಿಡಿದರು. "ಡಾಕ್ಟ್ರೇ, ಈ ಸಲ ಬಿ.ಪಿ., ಶುಗರ್ ಬಿಟ್ಟು ಬೇರೆ ಏನಾದರೂ ಬರೆದುಕೊಡಿ" ಎಂದರು. ಕೈಯಲ್ಲಿ ಹೋಳಿಗೆ ಇದ್ದುದರಿಂದ ಇಲ್ಲ ಎನ್ನಲಾಗಲಿಲ್ಲ. ನಾವು ಮನೋವಿಜ್ಞಾನದ ಪಂಡಿತರಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಹೊರದೇಶಕ್ಕೆ ಬಂದು ರೆಸಿಡೆಂಟ್ ಆಗಿ ರಾತ್ರಿ ಪಾಳಿಗಳನ್ನು ತಳ್ಳಿ, ಈಗ ಐವತ್ತು ದಾಟಿದ ಸಾಮಾನ್ಯ ವೈದ್ಯರು. ಆದರೂ ಒಂದು ವಿಷಯದ ಮೇಲೆ ಕೆಲವು ತಿಂಗಳು ಬಿಡದೆ ಓದಿದ್ದೇವೆ. ಓದಿಗೆ ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಸಣ್ಣ ಜಗಳ.

ಆಗ ನಮ್ಮ ಮಗಳಿಗೆ 13 ವರ್ಷ. ಕ್ವೇಕರ್ಸ್ ಹಿಲ್ಲಿನ ನಮ್ಮ ಮನೆಯಲ್ಲಿ ಇರುವುದು ಮೂರು ಕೋಣೆ. ಆ ಬೇಸಿಗೆಯಲ್ಲಿ ಮೈಸೂರಿನಿಂದ ಅಜ್ಜಿ ಬಂದಿದ್ದರು, ಅವರಿಗೆ ಒಂದು ಕೋಣೆ. ಅಷ್ಟರಲ್ಲಿ ದೂರದ ನೆಂಟರ ಹುಡುಗನೊಬ್ಬ ಎಂ.ಎಸ್. ಓದಲು ಸಿಡ್ನಿಗೆ ಬರುತ್ತಾನೆ, ಬಾಡಿಗೆಗೆ ಜಾಗ ಸಿಗುವವರೆಗೆ ನಾಲ್ಕು ವಾರ ನಿಮ್ಮಲ್ಲಿರಲಿ ಎಂದು ಫೋನ್ ಬಂತು. "ಅದಕ್ಕೇನು, ಬರಲಿ" ಎಂದೆವು. ಮಗಳಿಗೆ, "ನಿನ್ನ ರೂಮು ಬಿಟ್ಟುಕೊಡು ಪುಟ್ಟೀ, ನೀನು ಅಜ್ಜಿಯ ಹತ್ತಿರ ಮಲಗು" ಎಂದೆವು. ಅವಳು ಬಿಡುವುದಿಲ್ಲ ಎನ್ನಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು: "ಕೊಡದಿದ್ದರೆ ತಪ್ಪಾ? ಇಲ್ಲಾ, ಕೊಟ್ಟರೆ ಒಳ್ಳೇದು ಅಷ್ಟೇನಾ?"

ನಮಗೆ ಸಿಟ್ಟು ನೆತ್ತಿಗೇರಿತು. ಇದು ಕೇಳುವ ಪ್ರಶ್ನೆಯೇ? ಇಷ್ಟು ಸ್ವಾರ್ಥ ಎಲ್ಲಿಂದ ಕಲಿತೆ ಎಂದು ಗದರಿದೆವು. ಅವಳು ಬಾಯಿ ಮುಚ್ಚಿ ಪುಸ್ತಕ, ಬಟ್ಟೆ ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಎರಡು ದಿನ ನಮ್ಮೊಡನೆ ಮಾತಿಲ್ಲ. ಆಮೇಲೆ ನಿಧಾನವಾಗಿ ನಮಗೆ ಅನುಮಾನ ಶುರುವಾಯಿತು. ಮಗು ಸ್ವಾರ್ಥದಿಂದ ಕೇಳಿತೋ, ನ್ಯಾಯ ತಿಳಿಯಬೇಕೆಂದು ಕೇಳಿತೋ? ಇಲ್ಲಿ ಮಕ್ಕಳನ್ನು ಬೆಳೆಸುವ ಎಷ್ಟೋ ಮನೆಗಳಲ್ಲಿ ಇಂಥ ಪ್ರಶ್ನೆ ಬಂದಿರಬಹುದು. ಆದ್ದರಿಂದ, ಮಕ್ಕಳಲ್ಲಿ ಸರಿ ತಪ್ಪಿನ ವಿವೇಚನೆ ಹೇಗೆ ಬೆಳೆಯುತ್ತದೆ ಎಂಬುದನ್ನು ಹಿಂದಿನವರು ಹೇಗೆ ಕಂಡುಕೊಂಡರು ಎಂಬ ಕಥೆಯನ್ನು ಇಲ್ಲಿ ಹೇಳುತ್ತೇವೆ. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಮೈಸೂರಿನಲ್ಲೇ ನಡೆದಿದೆ ಎಂಬುದು ನಮಗೂ ಗೊತ್ತಿರಲಿಲ್ಲ.

ಮೊದಲು ಪುರಾಣ. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಋಷಿಯ ಕಥೆ ಬರುತ್ತದೆ. ಆತ ಮೌನವ್ರತದಲ್ಲಿ ಕುಳಿತಿದ್ದಾಗ ಕಳ್ಳರು ಕದ್ದ ಮಾಲನ್ನು ತಂದು ಆಶ್ರಮದಲ್ಲಿ ಬಚ್ಚಿಟ್ಟು ತಾವೂ ಅಡಗಿಕೊಂಡರು. ರಾಜಭಟರು ಕೇಳಿದರೆ ಋಷಿ ಮಾತಾಡಲಿಲ್ಲ. ಅವನೂ ಕಳ್ಳನೇ ಎಂದು ಶೂಲಕ್ಕೇರಿಸಿದರು. ಪ್ರಾಣ ಹೋಗಲಿಲ್ಲ. ರಾಜನಿಗೆ ತಪ್ಪಿನ ಅರಿವಾಗಿ ಕ್ಷಮೆ ಬೇಡಿ ಶೂಲ ಕೀಳಿಸಲು ಹೋದರೆ ಅದು ಬರಲಿಲ್ಲ, ಕತ್ತರಿಸಬೇಕಾಯಿತು. ಶೂಲದ ತುಂಡು ಮೈಯಲ್ಲೇ ಉಳಿದು ಅಣಿಮಾಂಡವ್ಯ ಎಂಬ ಹೆಸರು ಬಂತು. ಆತ ನೇರ ಯಮಧರ್ಮನ ಸಭೆಗೆ ಹೋಗಿ, ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಕೇಳಿದ. ಚಿಕ್ಕಂದಿನಲ್ಲಿ ನೀನು ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿ ಆಡಿದ್ದೆ, ಅದರ ಫಲ ಎಂದ ಯಮ. ಮಾಂಡವ್ಯ ಸುಮ್ಮನಿರಲಿಲ್ಲ. ತಿಳಿಯದ ಮಗುವಿನ ಸಣ್ಣ ತಪ್ಪಿಗೆ ಇಂಥ ದೊಡ್ಡ ದಂಡ ವಿಧಿಸಿದ ನೀನು ಭೂಮಿಯಲ್ಲಿ ದಾಸಿಯ ಮಗನಾಗಿ ಹುಟ್ಟು ಎಂದು ಧರ್ಮನಿಗೇ ಶಾಪ ಕೊಟ್ಟ. ಅದೇ ವಿದುರನ ಜನ್ಮ. ಜೊತೆಗೆ ಒಂದು ಗೆರೆಯನ್ನೂ ಎಳೆದ: ಇಂದಿನಿಂದ ಹದಿನಾಲ್ಕು ವರ್ಷದವರೆಗೆ ಮಕ್ಕಳು ಮಾಡಿದ್ದು ಪಾಪವಾಗದು.

ನಾವೆಲ್ಲ ಬಾಲ್ಯದಲ್ಲಿ ಈ ಕಥೆಯನ್ನು ವಿದುರನಿಗಾಗಿ ಕೇಳಿದವರು. ಆ ಹದಿನಾಲ್ಕರ ಮೇಲೆ ಯಾರ ಗಮನವೂ ಹೋಗುವುದಿಲ್ಲ. ಸೋಜಿಗವೆಂದರೆ ಅದೇ ಸಂಖ್ಯೆ ಇನ್ನೊಂದು ದಾರಿಯಲ್ಲಿ ಇಂಗ್ಲೆಂಡಿನ ಕಾನೂನಿನಲ್ಲೂ ಇತ್ತು. 1769ರಲ್ಲಿ ಹೊರಬಂದ ತಮ್ಮ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ವಿಲಿಯಂ ಬ್ಲಾಕ್‌ಸ್ಟೋನ್ ಆ ನಿಯಮವನ್ನು ವಿವರಿಸಿದ್ದಾರೆ. ಏಳು ವರ್ಷದೊಳಗಿನ ಮಗು ಅಪರಾಧಿಯೇ ಅಲ್ಲ. ಏಳರಿಂದ ಹದಿನಾಲ್ಕರವರೆಗೆ, ಮಗುವಿಗೆ ತಪ್ಪಿನ ತಿಳುವಳಿಕೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು. ಇತ್ತು ಎನ್ನುವವರು ಅದನ್ನು ರುಜುವಾತು ಮಾಡಬೇಕು. 1860ರ ಭಾರತೀಯ ದಂಡ ಸಂಹಿತೆಯ 82 ಮತ್ತು 83ನೆಯ ಕಲಮುಗಳಲ್ಲಿ ಏಳು ಮತ್ತು ಹನ್ನೆರಡು ಎಂಬ ಗೆರೆಗಳು ಬಂದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅವನ್ನೇ ಉಳಿಸಿಕೊಂಡಿದೆ.

ನಾವಿರುವ ನ್ಯೂ ಸೌತ್ ವೇಲ್ಸ್‌ನಲ್ಲಿ 1987ರ ಕಾಯಿದೆ ಕೆಳಗಿನ ಗೆರೆಯನ್ನು ಹತ್ತು ವರ್ಷಕ್ಕೆ ಇಟ್ಟಿತು. ಹತ್ತರಿಂದ ಹದಿನಾಲ್ಕರ ನಡುವಿನ ಮಗುವಿನ ವಿಷಯದಲ್ಲಿ ಈ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 2016ರಲ್ಲಿ ಒಂದು ತೀರ್ಪು ಕೊಟ್ಟಿತು. ತಾನು ಮಾಡಿದ್ದು ಬರೀ ತುಂಟತನವಲ್ಲ, ನೀತಿಯ ದೃಷ್ಟಿಯಲ್ಲಿ ಗಂಭೀರವಾದ ತಪ್ಪು ಎಂದು ಆ ಮಗುವಿಗೆ ತಿಳಿದಿತ್ತೇ ಎಂಬುದನ್ನು ಸಿದ್ಧಪಡಿಸಬೇಕು ಎಂದಿತು. ಮೆಲ್ಬರ್ನ್ ಕಡೆಯ ಓದುಗರಿಗೆ ತಿಳಿದಿರಬಹುದು, ವಿಕ್ಟೋರಿಯ ಸರಕಾರ 2024ರಲ್ಲಿ ಕೆಳಗಿನ ಗೆರೆಯನ್ನು ಹನ್ನೆರಡಕ್ಕೆ ಏರಿಸುವ ಕಾನೂನು ಮಾಡಿತು.

ಋಷಿಯೂ ನ್ಯಾಯಾಧೀಶರೂ ಒಂದು ವಿಷಯ ಒಪ್ಪಿದಂತಾಯಿತು: ತಿಳುವಳಿಕೆ ಹುಟ್ಟಿನಿಂದ ಪೂರ್ತಿಯಾಗಿ ಬರುವುದಿಲ್ಲ, ಬೆಳೆಯುತ್ತದೆ. ಹೇಗೆ ಬೆಳೆಯುತ್ತದೆ ಎಂದು ಮಕ್ಕಳನ್ನೇ ಕೇಳಿ ನೋಡಿದವರು ಮಾತ್ರ ಬಹಳ ಕಾಲ ಯಾರೂ ಇರಲಿಲ್ಲ.

ಕೇಳಿದವರು ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ. ಅವರು 1896ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡರು. ಮಕ್ಕಳ ನೈತಿಕ ತೀರ್ಮಾನದ ಮೇಲಿನ ಅವರ ಪುಸ್ತಕ 1932ರಲ್ಲಿ ಪ್ರಕಟವಾಯಿತು. ಅವರು ದೊಡ್ಡ ಯಂತ್ರಗಳನ್ನೇನೂ ಬಳಸಲಿಲ್ಲ. ಜಿನೀವಾ ಮತ್ತು ನ್ಯೂಶಾಟೆಲ್‌ನ ಮಕ್ಕಳ ಜೊತೆ ಕೂತು ಗೋಲಿ ಆಡಿದರು. ಆಟದ ನಿಯಮ ಯಾರು ಮಾಡಿದ್ದು, ಬದಲಾಯಿಸಬಹುದೇ ಎಂದು ಕೇಳುತ್ತಾ ಹೋದರು. ಚಿಕ್ಕ ಮಕ್ಕಳು ನಿಯಮವೆಂದರೆ ದೊಡ್ಡವರಿಂದ ಬಂದ ಮುಟ್ಟಬಾರದ ವಸ್ತು ಎಂದರು. ಆದರೆ ಆಡುವಾಗ ತಮಗೆ ತೋಚಿದಂತೆ ಆಡುತ್ತಿದ್ದರು. ಹನ್ನೊಂದು ಹನ್ನೆರಡರ ಹುಡುಗರು, ಎಲ್ಲರೂ ಒಪ್ಪಿದರೆ ನಿಯಮ ಬದಲಾಯಿಸಬಹುದು ಎಂದರು. ಆದರೆ ಒಪ್ಪಿದ ನಿಯಮವನ್ನು ಮೀರುತ್ತಿರಲಿಲ್ಲ.

ಪಿಯಾಜೆಯ ಇನ್ನೊಂದು ಕಥೆ ಪ್ರಸಿದ್ಧವಾದದ್ದು. ಒಬ್ಬ ಹುಡುಗ ಊಟಕ್ಕೆ ಕರೆದರೆಂದು ಬಾಗಿಲು ತಳ್ಳಿಕೊಂಡು ಬಂದ. ಬಾಗಿಲ ಹಿಂದೆ ತಟ್ಟೆಯಲ್ಲಿ ಹದಿನೈದು ಬಟ್ಟಲುಗಳಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಎಲ್ಲ ಒಡೆದವು. ಇನ್ನೊಬ್ಬ, ಅಮ್ಮ ಇಲ್ಲದಾಗ ಕಪಾಟಿನ ಮೇಲಿನ ಜಾಮ್ ಕದಿಯಲು ಹತ್ತಿ ಒಂದು ಬಟ್ಟಲು ಒಡೆದ. ಯಾರು ಹೆಚ್ಚು ತಪ್ಪಿತಸ್ಥ? ಆರೇಳು ವರ್ಷದ ಮಕ್ಕಳಲ್ಲಿ ಅನೇಕರು ಹದಿನೈದು ಒಡೆದವನೇ ಎಂದರು. ಒಂಬತ್ತರ ಹೊತ್ತಿಗೆ ಮಕ್ಕಳು ಉದ್ದೇಶ ನೋಡತೊಡಗಿದರು. ಪಿಯಾಜೆಯ ತೀರ್ಮಾನ ನಮ್ಮಂಥ ತಂದೆತಾಯಂದಿರಿಗೆ ಸ್ವಲ್ಪ ಕಹಿ. ದೊಡ್ಡವರ ಆಜ್ಞೆಯಿಂದ ಮಗು ವಿಧೇಯತೆ ಕಲಿಯುತ್ತದೆ. ನ್ಯಾಯ ಕಲಿಯುವುದು ಮುಖ್ಯವಾಗಿ ಸರಿಸಮಾನರ ಜೊತೆ ಆಡಿ, ಜಗಳವಾಡಿ, ರಾಜಿಯಾಗಿ ಎಂದರು ಅವರು.

ಇದನ್ನು ಮುಂದಕ್ಕೆ ಒಯ್ದವರು ಅಮೆರಿಕದ ಲಾರೆನ್ಸ್ ಕೋಲ್ಬರ್ಗ್. 1958ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಕ್ಕಾಗಿ 10, 13 ಮತ್ತು 16 ವರ್ಷದ 72 ಹುಡುಗರನ್ನು ಅವರು ಮಾತಾಡಿಸಿದ್ದರು. ಅವರ ಹೈಂಜ್‌ನ ಕಥೆಯನ್ನು ವೈದ್ಯರಾದ ನಾವು ಮರೆಯಲಾರೆವು. ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ, ಔಷಧಿ ಇರುವುದು ಒಬ್ಬನೇ ಅಂಗಡಿಯವನ ಹತ್ತಿರ, ಅವನು ಹತ್ತು ಪಟ್ಟು ಬೆಲೆ ಹೇಳುತ್ತಾನೆ, ಗಂಡ ಅರ್ಧ ದುಡ್ಡು ಮಾತ್ರ ಹೊಂದಿಸಿದ್ದಾನೆ. ಕದಿಯಬಹುದೇ? ಕೋಲ್ಬರ್ಗ್ ಹೌದು, ಇಲ್ಲ ಎಂಬ ಉತ್ತರವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಯಾಕೆ ಎಂಬುದನ್ನು ಹಿಡಿದರು. ರೋಗಿ ಹೊಟ್ಟೆನೋವು ಎಂದರೆ ಸಾಲದು, ಎಲ್ಲಿ, ಯಾವಾಗಿನಿಂದ, ಏನು ತಿಂದಮೇಲೆ ಎಂದು ನಾವು ಕೇಳುವುದಿಲ್ಲವೇ, ಹಾಗೆ. ಆ ಕಾರಣಗಳನ್ನು ಅವರು ಮೂರು ಮಟ್ಟ, ಆರು ಮೆಟ್ಟಿಲುಗಳಾಗಿ ಜೋಡಿಸಿದರು. ಕೆಳಗೆ, ಶಿಕ್ಷೆಯ ಭಯ ಮತ್ತು ಸ್ವಂತ ಲಾಭ. ನಡುವೆ, ನಾಲ್ಕು ಜನ ಒಳ್ಳೆಯವನೆನ್ನಬೇಕೆಂಬ ಆಸೆ ಮತ್ತು ಕಾನೂನಿನ ಗೌರವ. ಮೇಲೆ, ಜನರು ಕೂಡಿ ಮಾಡಿದ ಒಪ್ಪಂದ ಮತ್ತು ಎಲ್ಲ ಮನುಷ್ಯರಿಗೂ ಸಲ್ಲುವ ತತ್ವ.

ಈ ಏಣಿಯನ್ನು ಅಲುಗಾಡಿಸಿ ನೋಡಿದವರು ಹಲವರು. ಬರೀ ಹುಡುಗರನ್ನು ಕೇಳಿ ಏಣಿ ಕಟ್ಟಿದಿರಿ, ಹುಡುಗಿಯರು ಆರೈಕೆ, ಸಂಬಂಧಗಳ ಭಾಷೆಯಲ್ಲಿ ಯೋಚಿಸಿದರೆ ಅದು ಕೆಳಗಿನ ಮೆಟ್ಟಿಲೇ ಎಂದು ಕ್ಯಾರಲ್ ಗಿಲ್ಲಿಗನ್ 1982ರಲ್ಲಿ ಕೇಳಿದರು. 1985ರಲ್ಲಿ ಜಾನ್ ಸ್ನೇರಿ ಎಂಬವರು 27 ನಾಡುಗಳಲ್ಲಿ ನಡೆದ 45 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಕೆಳಗಿನ ಮತ್ತು ನಡುವಿನ ಮೆಟ್ಟಿಲುಗಳು ಎಲ್ಲ ಕಡೆ ಇದ್ದವು. ಮೇಲಿನವು ಹಳ್ಳಿಗಳಲ್ಲಿ ಸಿಗಲಿಲ್ಲ. ಹಳ್ಳಿಯವರು ಹಿಂದುಳಿದರೇ, ಅಥವಾ ಅವರ ನ್ಯಾಯ ಈ ಅಳತೆಕೋಲಿಗೆ ಸಿಕ್ಕಲಿಲ್ಲವೇ ಎಂಬ ಪ್ರಶ್ನೆ ಎದ್ದಿತು.

ಚಿಕ್ಕ ಮಕ್ಕಳ ಬಗ್ಗೆಯೂ ಪಿಯಾಜೆಯ ಮಾತು ಸ್ವಲ್ಪ ತಿದ್ದುಪಡಿಯಾಯಿತು. ಎಲಿಯಟ್ ಟ್ಯೂರಿಯಲ್ ಮತ್ತು 1981ರಲ್ಲಿ ಜುಡಿತ್ ಸ್ಮೆಟಾನ ಅವರ ಕೆಲಸದಿಂದ ಗೊತ್ತಾದದ್ದಿಷ್ಟು: ಮೂರು ನಾಲ್ಕು ವರ್ಷದ ಮಗುವಿಗೂ, ಹೊಡೆಯುವುದು ಬೇರೆ, ಆಟದ ಸಾಮಾನನ್ನು ಅದರ ಜಾಗದಲ್ಲಿಡದಿರುವುದು ಬೇರೆ ಎಂದು ತಿಳಿಯುತ್ತದೆ. ನಿಯಮ ಇಲ್ಲದ ಶಾಲೆಯಲ್ಲಿ ಸಾಮಾನು ಎಲ್ಲಿಟ್ಟರೂ ಸರಿ, ಆದರೆ ಹೊಡೆಯುವುದು ಅಲ್ಲೂ ತಪ್ಪು ಎನ್ನುತ್ತದೆ. ಇನ್ನೂ ಕೆಳಗೆ ಇಳಿದು, ಆರು ಮತ್ತು ಹತ್ತು ತಿಂಗಳ ಕೂಸುಗಳೂ ಸಹಾಯ ಮಾಡುವ ಗೊಂಬೆಯನ್ನೇ ಇಷ್ಟಪಡುತ್ತವೆ ಎಂದು 2007ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ವರದಿ ಬಂದು ಬಹಳ ಸುದ್ದಿಯಾಯಿತು. ಹಲವು ದೇಶಗಳ ಪ್ರಯೋಗಶಾಲೆಗಳು ಕೂಡಿ ಮತ್ತೆ ಮಾಡಿ ನೋಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂದಾಗ ಆ ಒಲವು ಕಾಣಲಿಲ್ಲ. ವೈದ್ಯಕೀಯದಲ್ಲೂ ಹೀಗೇ. ಹೊಸ ಮಾತ್ರೆಯನ್ನು ಎರಡನೆಯ ಪರೀಕ್ಷೆಯವರೆಗೆ ಬಹಳ ಹೊಗಳಬಾರದು.

ಈಗ ಮೈಸೂರಿಗೆ ಬರೋಣ. ಮನೋವಿಜ್ಞಾನ ನಮ್ಮೂರಿಗೆ ಹೊಸದಲ್ಲ. ಲಂಡನ್ನಿನಲ್ಲಿ ಓದಿ ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಆ ವಿಭಾಗವನ್ನು ಆರಂಭಿಸಿದ್ದರು. 1935ರಲ್ಲಿ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಮಾಡಿ ಆಕಾಶವಾಣಿ ಎಂಬ ಹೆಸರು ಬಳಕೆಗೆ ತಂದವರೂ ಅವರೇ. ಆದರೆ ನಾವು ಹೇಳಹೊರಟ ಕೆಲಸ ಅದಾದ ಎಷ್ಟೋ ವರ್ಷಗಳ ಮೇಲೆ ನಡೆದದ್ದು. ಜೋನ್ ಮಿಲ್ಲರ್ ಎಂಬ ಅಮೆರಿಕದ ವಿದ್ವಾಂಸೆ ಮೈಸೂರಿಗೆ ಬಂದು ಅಲ್ಲಿಯ ಮಕ್ಕಳನ್ನೂ ದೊಡ್ಡವರನ್ನೂ ಮಾತಾಡಿಸಿದರು.

1984ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ ಷಿಕಾಗೊ ಮತ್ತು ಮೈಸೂರಿನ 8, 11, 15 ವರ್ಷದ ಮಕ್ಕಳೂ ವಯಸ್ಕರೂ ಇದ್ದರು. ನಿಮಗೆ ಗೊತ್ತಿರುವವರೊಬ್ಬರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಯಾಕೆ ಹಾಗೆ ಮಾಡಿದರು ಹೇಳಿ ಎಂಬುದು ಪ್ರಶ್ನೆ. ಮೈಸೂರಿನ ಒಬ್ಬರು ಹೇಳಿದ ಘಟನೆ ಇದು. ಒಬ್ಬ ವಕೀಲರು ಮೋಟಾರ್ ಸೈಕಲ್ಲಿನಲ್ಲಿ ಕೋರ್ಟಿಗೆ ಹೋಗುವಾಗ ಚಕ್ರ ಒಡೆದು ಹಿಂದೆ ಕೂತವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲರು ಅವನನ್ನು ಆಸ್ಪತ್ರೆಗೆ ಸೇರಿಸಿ, ಪೆಟ್ಟು ಎಷ್ಟು ಗಂಭೀರ ಎಂದು ಡಾಕ್ಟರನ್ನು ವಿಚಾರಿಸದೆ ಕೋರ್ಟಿಗೆ ಹೋದರು. ಗಾಯಾಳು ತೀರಿಕೊಂಡ. ಯಾಕೆ ಹೋದರು ಎಂದರೆ ಅಮೆರಿಕದವರು, ಆತ ಬೇಜವಾಬ್ದಾರಿ ಮನುಷ್ಯ ಎನ್ನುವ ಧಾಟಿಯಲ್ಲಿ ಉತ್ತರಿಸಿದರು. ಮೈಸೂರಿನವರು, ಕಕ್ಷಿದಾರನಿಗಾಗಿ ಕೋರ್ಟಿನಲ್ಲಿರುವುದು ಅವರ ಕರ್ತವ್ಯವಾಗಿತ್ತು, ಗಾಬರಿಯಾಗಿರಬೇಕು, ಪೆಟ್ಟು ದೊಡ್ಡದೆಂದು ತೋರಿರಲಾರದು ಎಂದರು. ಎಂಟು ವರ್ಷದ ಮಕ್ಕಳಲ್ಲಿ ಎರಡೂ ಊರುಗಳಿಗೆ ಅಷ್ಟೇನೂ ವ್ಯತ್ಯಾಸವಿರಲಿಲ್ಲ. ಬೆಳೆದಂತೆಲ್ಲ ಅಮೆರಿಕದ ಮಕ್ಕಳು ಮನುಷ್ಯನ ಸ್ವಭಾವವನ್ನು ಹೆಚ್ಚು ನೋಡಿದರು, ನಮ್ಮ ಮಕ್ಕಳು ಅವನ ಸುತ್ತಲಿನ ಸಂದರ್ಭವನ್ನು ಹೆಚ್ಚು ನೋಡಿದರು. ಸರಿ ತಪ್ಪು ಅಳೆಯುವ ಕಣ್ಣು ವಯಸ್ಸಿನೊಡನೆ ಬಲಿಯುತ್ತದೆ ನಿಜ, ಆದರೆ ಯಾವ ಕಡೆ ತಿರುಗಿ ಬಲಿಯುತ್ತದೆ ಎಂಬುದನ್ನು ಊರು ನಿರ್ಧರಿಸುತ್ತದೆ.

ಎರಡನೆಯ ಅಧ್ಯಯನವನ್ನು ಮಿಲ್ಲರ್, ಡೇವಿಡ್ ಬರ್ಸಾಫ್ ಮತ್ತು ರಾಬಿನ್ ಹಾರ್ವುಡ್ ಅವರೊಡನೆ 1990ರಲ್ಲಿ ಪ್ರಕಟಿಸಿದರು. ಅದನ್ನು ಓದುವಾಗ ನಮಗೆ ಮಗಳ ಧ್ವನಿಯೇ ಕೇಳಿದಂತಾಯಿತು. ಎರಡನೆಯ ತರಗತಿಯ ಮಕ್ಕಳು, ಆರನೆಯ ತರಗತಿಯವರು, ಕಾಲೇಜಿನವರು, ಹೀಗೆ ಮೂರು ವಯಸ್ಸಿನವರು ಅದರಲ್ಲಿದ್ದರು. ಒಬ್ಬರಿಗೆ ಸಹಾಯ ಬೇಕು. ಅಗತ್ಯ ಪ್ರಾಣ ಹೋಗುವಷ್ಟು ದೊಡ್ಡದು, ಮಧ್ಯಮ, ಅಥವಾ ಸಣ್ಣದು. ಸಹಾಯ ಮಾಡಬೇಕಾದವರು ತಂದೆತಾಯಿ, ಗೆಳೆಯ, ಅಥವಾ ಅಪರಿಚಿತ. ಅವರು ಸಹಾಯ ಮಾಡಲಿಲ್ಲ. ಇದು ಮಾಡಲೇಬೇಕಾದ ಕರ್ತವ್ಯ ತಪ್ಪಿದಂತೆಯೇ, ಅಥವಾ ಅವರವರ ಇಷ್ಟಕ್ಕೆ ಬಿಟ್ಟ ವಿಷಯವೇ? ನಮ್ಮವಳು ಕೇಳಿದ್ದೂ ಇದನ್ನೇ!

ಉತ್ತರ ಹೀಗೆ ಬಂತು. ಭಾರತದವರು ಸಾಮಾನ್ಯವಾಗಿ ಎಲ್ಲ ಸಂದರ್ಭಗಳಲ್ಲೂ, ಅಗತ್ಯ ಸಣ್ಣದಿದ್ದರೂ ಅಪರಿಚಿತನಿದ್ದರೂ, ಅದು ಕರ್ತವ್ಯ ಎಂದರು. ಅಮೆರಿಕದವರು ಪ್ರಾಣಕ್ಕೆ ಅಪಾಯವಿದ್ದಾಗ, ಮತ್ತು ಮಕ್ಕಳ ಮಧ್ಯಮ ಅಗತ್ಯಕ್ಕೆ ತಂದೆತಾಯಿ ಒದಗದಿದ್ದಾಗ ಕರ್ತವ್ಯದ ಮಾತಾಡಿದರು. ಉಳಿದ ಕಡೆ, ಮಾಡಿದರೆ ಒಳ್ಳೆಯದು, ಆದರೆ ಅದು ಅವರವರ ನಿರ್ಧಾರ ಎಂದರು. ಸಹಾಯ ಮಾಡಬಾರದು ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಕರ್ತವ್ಯ ಮುಗಿದು ಒಳ್ಳೆಯತನ ಶುರುವಾಗುವ ಗೆರೆಯನ್ನು ಬೇರೆ ಜಾಗದಲ್ಲಿ ಎಳೆದರು, ಅಷ್ಟೆ. ಮಿಲ್ಲರ್ ಮತ್ತು ಬರ್ಸಾಫ್ 1992ರಲ್ಲಿ ಇನ್ನೂ ಬಿಗಿಯಾದ ಪೇಚಿನ ಕಥೆಗಳನ್ನು ಕೊಟ್ಟರು. ಗೆಳೆಯನ ಮದುವೆಗೆ ಉಂಗುರ ತಲುಪಿಸಬೇಕು, ದಾರಿಯಲ್ಲಿ ದುಡ್ಡು ಕಳವಾಗಿದೆ, ಪಕ್ಕದವರ ಕೋಟಿನ ಜೇಬಿನಲ್ಲಿ ರೈಲು ಟಿಕೆಟ್ ಇಣುಕುತ್ತಿದೆ. ಇಂಥ ಕಡೆ ಗೆಳೆಯನಿಗೆ ಕೊಟ್ಟ ಮಾತೇ ಮೇಲು ಎಂದವರು ಅಮೆರಿಕದವರಿಗಿಂತ ನಮ್ಮಲ್ಲಿ ಹೆಚ್ಚು.

ನಾವು ಬೆಳೆದ ಮೈಸೂರು ನೆನಪಿಗೆ ಬಂತು. ನಮ್ಮ ತಂದೆಯವರ ತಲೆಮಾರಿನಲ್ಲಿ ವಾರಾನ್ನದ ಹುಡುಗರಿದ್ದರು. ಓದಲೆಂದು ಹಳ್ಳಿಯಿಂದ ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರಕ್ಕೆ ಏಳು ಮನೆಗಳಲ್ಲಿ ಉಂಡು ಪರೀಕ್ಷೆ ಕಟ್ಟುತ್ತಿದ್ದ. ಊಟ ಹಾಕಿದವರು ಅದನ್ನು ಉಪಕಾರವೆಂದು ಹೇಳಿಕೊಳ್ಳುತ್ತಿರಲಿಲ್ಲ. ನಮ್ಮ ಕಾಲಕ್ಕೆ ವಾರಾನ್ನ ಹೋಗಿತ್ತು, ಆದರೆ ನಡುಮನೆಯಲ್ಲಿ ಚಾಪೆ ಹಾಸಿ ಮಲಗುವ ನೆಂಟರ ಹುಡುಗ ಒಬ್ಬನಾದರೂ ಇರುತ್ತಿದ್ದ. ಕೋಣೆ ಯಾರದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ, ಏಕೆಂದರೆ ಯಾರಿಗೂ ತಮ್ಮದೆಂಬ ಕೋಣೆ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿ ನಮ್ಮ ಬೆನ್ನು ನಾವೇ ತಟ್ಟಿಕೊಂಡರೆ ಸುಳ್ಳು ಹೇಳಿದಂತಾಗುತ್ತದೆ. ವಾರಾನ್ನದ ಬಾಗಿಲು ಹೆಚ್ಚಾಗಿ ತಮ್ಮ ಜಾತಿಯ ಹುಡುಗನಿಗೆ ಮಾತ್ರ ತೆರೆಯುತ್ತಿತ್ತು. ಅಷ್ಟೇ ಬಡವನಾದ, ಅಷ್ಟೇ ಜಾಣನಾದ ಇನ್ನೊಬ್ಬ ಹುಡುಗ ಬೀದಿಯಲ್ಲೇ ಉಳಿಯುತ್ತಿದ್ದ. ಈ ನಿಯಮ ಎಲ್ಲರಿಗೂ ನ್ಯಾಯವೇ ಎಂದು ಕೇಳುವ ಕೋಲ್ಬರ್ಗರ ಮೇಲಿನ ಮೆಟ್ಟಿಲು ಅಲ್ಲಿ ಬೇಕಾಗಿತ್ತು. ಇನ್ನೊಂದು ಮಾತು. ಮನೆಗೆ ಬಂದವರಿಗೆ ಅನ್ನ ಹಾಕುವುದು ಮನೆಯ ಧರ್ಮ ಎಂದು ಗಂಡಸರು ಹೇಳುತ್ತಿದ್ದರು. ಬೆಳಿಗ್ಗೆ ಐದಕ್ಕೆದ್ದು ಆ ಅನ್ನ ಬೇಯಿಸುತ್ತಿದ್ದವರು ನಮ್ಮ ಅಮ್ಮಂದಿರು. ಕರ್ತವ್ಯದ ವ್ಯಾಪ್ತಿ ದೊಡ್ಡದಿದ್ದ ಮನೆಗಳಲ್ಲಿ ಅದರ ಭಾರ ಎಲ್ಲರ ಹೆಗಲ ಮೇಲೂ ಸಮನಾಗಿ ಕೂರುತ್ತಿರಲಿಲ್ಲ.

ಕಥೆಯ ಕೊನೆಯ ಭಾಗ ನಮ್ಮ ಈಗಿನ ಊರಿನದು. ನ್ಯೂ ಸೌತ್ ವೇಲ್ಸ್‌ನ ಸರಕಾರಿ ಶಾಲೆಗಳಲ್ಲಿ ಧರ್ಮಬೋಧೆಗೆ ಸಮಯ ಕೊಡುವ ಪದ್ಧತಿ 1880ರ ಕಾಯಿದೆಯ ಕಾಲದಿಂದ ಬಂದದ್ದು. ಅದಕ್ಕೆ ಸೇರದ ಮಕ್ಕಳು ಆ ಹೊತ್ತಿನಲ್ಲಿ ಸುಮ್ಮನೆ ಬಣ್ಣ ತುಂಬುತ್ತಾ ಕೂರಬೇಕಾಗಿತ್ತು. 2010ರಲ್ಲಿ ಹತ್ತು ಶಾಲೆಗಳಲ್ಲಿ ಆ ಮಕ್ಕಳಿಗೆ ನೀತಿ ವಿಚಾರದ ತರಗತಿಯನ್ನು ಪ್ರಯೋಗವಾಗಿ ನಡೆಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕಾನೂನಾಯಿತು. 2011ರಿಂದ ಪ್ರೈಮರಿ ಎಥಿಕ್ಸ್ ಎಂಬ ಸಂಸ್ಥೆ ಸ್ವಯಂಸೇವಕರ ಮೂಲಕ ಅದನ್ನು ನಡೆಸತೊಡಗಿತು. ಮಕ್ಕಳು ದುಂಡಗೆ ಕೂರುತ್ತಾರೆ, ಶಿಕ್ಷಕರು ಒಂದು ಕಥೆ ಹೇಳುತ್ತಾರೆ, ಪ್ರಶ್ನೆ ಕೇಳುತ್ತಾರೆ. ಸರಿಯುತ್ತರ ಇದೇ ಎಂದು ಹೇಳುವುದಿಲ್ಲ. ಒಬ್ಬರು ಒಪ್ಪದಿದ್ದರೆ ಯಾಕೆ ಎಂದು ಹೇಳಬೇಕು, ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ಪಿಯಾಜೆಯ ಗೋಲಿ ಆಟವನ್ನು ಶಾಲೆಯ ಒಳಗೆ ತಂದಂತೆ. ನಮ್ಮ ಮಗಳು ಅಂಥ ತರಗತಿಯಲ್ಲಿ ಕೂತಿದ್ದವಳು. ಅವಳಿಗೆ ಪ್ರಶ್ನೆ ಕೇಳುವುದು ಅವಿಧೇಯತೆಯಲ್ಲ, ಮರ್ಯಾದೆ. ನಮಗೆ ಅದು ಎದುರುತ್ತರ.

ಇದೆಲ್ಲ ಓದಿದ ಮೇಲೆ ಭಾನುವಾರದ ನಮ್ಮ ಕನ್ನಡ ತರಗತಿಯಲ್ಲಿ ಒಂದು ಪ್ರಯತ್ನ ಮಾಡಿದೆವು. ಇದನ್ನು ಸಂಶೋಧನೆ ಎನ್ನಬೇಡಿ, ಹತ್ತು ಹನ್ನೆರಡು ಮಕ್ಕಳ ಹರಟೆ. ಪುಣ್ಯಕೋಟಿಯ ಕಥೆ ಹೇಳಿ, ಹುಲಿಯ ಕೈಯಿಂದ ತಪ್ಪಿಸಿಕೊಂಡ ಹಸು ವಾಪಸು ಯಾಕೆ ಹೋಯಿತು ಎಂದು ಕೇಳಿದೆವು. ಐದು ವರ್ಷದವನು, "ಹೋಗದಿದ್ದರೆ ಹುಲಿ ಮನೆಗೇ ಬರುತ್ತೆ" ಎಂದ. ಎಂಟರ ಹುಡುಗಿ, "ಪ್ರಾಮಿಸ್ ಮಾಡಿದಮೇಲೆ ಹೋಗಲೇಬೇಕು" ಎಂದಳು. ಹನ್ನೊಂದರವನು ಸ್ವಲ್ಪ ಯೋಚಿಸಿ, "ಇವಳು ಹೋಗದಿದ್ದರೆ ಮುಂದಿನ ಸಲ ಬೇರೆ ಹಸು ಕೇಳಿದಾಗ ಹುಲಿ ನಂಬಲ್ಲ" ಎಂದ. ನಮ್ಮವಳಿಗೆ ಅಷ್ಟು ಹೊತ್ತಿಗೆ ಹದಿನಾಲ್ಕು ತುಂಬಿತ್ತು. "ಹೆದರಿಸಿ ತೆಗೆದುಕೊಂಡ ಮಾತು ಮಾತೇ ಅಲ್ಲ. ಕರುವಿನ ಹಕ್ಕು ಏನಾಯಿತು?" ಎಂದಳು. ಮಾಂಡವ್ಯನ ಗೆರೆ ದಾಟಿದಳು ಎಂದುಕೊಂಡೆವು.

ಆಗ ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಬಾಯಿ ತೆಗೆದರು. ಆ ವರ್ಷವೂ ಅವರು ಬಂದಿದ್ದರು. "ಕರುವನ್ನು ಹಾಗೇ ಬಿಟ್ಟು ಹೋದಳೇನಮ್ಮಾ? ಕೊಟ್ಟಿಗೆಯ ಮಿಕ್ಕ ಹಸುಗಳ ಕೈಯಲ್ಲಿಟ್ಟು ಹೋದಳಲ್ಲ. ಅಕ್ಕತಂಗಿಯರಿದ್ದ ಧೈರ್ಯಕ್ಕೇ ಅವಳು ಸತ್ಯ ಹೇಳೋಕ್ಕಾಯಿತು. ಆ ಹಸುಗಳು, ಇದು ನಮ್ಮ ಕರ್ತವ್ಯವೋ ನಮ್ಮ ಇಷ್ಟವೋ ಅಂತ ಕೇಳಿದವೇ?" ಎಂದರು.

ನಾವು ಇಷ್ಟು ವರ್ಷ ಆ ಕಥೆ ಕೇಳಿ, ಹೇಳಿ, ಆ ಹಸುಗಳನ್ನು ನೋಡಿಯೇ ಇರಲಿಲ್ಲ. ಮೈಸೂರಿನಲ್ಲಿ ಮಿಲ್ಲರ್ ಕಂಡದ್ದು ಅವನ್ನೇ ಇರಬೇಕು. ನಮಗೆ ಒಳಗೊಳಗೇ ಗೆದ್ದಂತಾಯಿತು. ಆದರೆ ಮಗಳು ಅಜ್ಜಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಹೌದಜ್ಜೀ, ಆದರೆ ಆ ಹಸುಗಳನ್ನೂ ಯಾರೂ ಕೇಳಲಿಲ್ಲ ಅಲ್ವಾ?" ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಐವತ್ತು ವರ್ಷ ಬಂದವರಿಗೆಲ್ಲ ಅಡಿಗೆ ಮಾಡಿ ಬಡಿಸಿದವರು ಅವರು. "ನಮ್ಮನ್ನೂ ಯಾರೂ ಕೇಳಲಿಲ್ಲ ಕಣೇ" ಎಂದರು.

ಅಂದು ಸಂಜೆ ಮನೆಯಲ್ಲಿ ನಾವು ಮಗಳ ಕ್ಷಮೆ ಕೇಳಿದೆವು. ಕೋಣೆ ಬಿಡಿಸಿದ್ದಕ್ಕಲ್ಲ. ಅದು ಇಂದಿಗೂ ಸರಿಯೆಂದೇ ನಮ್ಮ ಅಭಿಪ್ರಾಯ. ಊರು ಬಿಟ್ಟು ಬಂದ ಹುಡುಗನಿಗೆ ಮೊದಲ ತಿಂಗಳು ತಲೆಯ ಮೇಲೊಂದು ಸೂರು ಕೊಡುವುದು ಬರೀ ಒಳ್ಳೆಯತನವಲ್ಲ, ಕರ್ತವ್ಯ. ಇಲ್ಲಿಗೆ ಬಂದ ಹೊಸತರಲ್ಲಿ ನಮಗೂ ಯಾರೋ ಹಾಗೆ ಜಾಗ ಕೊಟ್ಟಿದ್ದರು, ಅವರ ಮಗುವೊಂದು ತನ್ನ ಹಾಸಿಗೆ ಬಿಟ್ಟುಕೊಟ್ಟಿತ್ತು. ಕ್ಷಮೆ ಕೇಳಿದ್ದು, ಈ ಕಾರಣವನ್ನು ಅಂದೇ ಹೇಳದೆ ಸ್ವಾರ್ಥಿ ಎಂದು ಗದರಿದ್ದಕ್ಕೆ. ಮೈಸೂರಿನಲ್ಲಿ ಕಾರಣ ಹೇಳಬೇಕಾಗಿರಲಿಲ್ಲ, ನಡುಮನೆಯ ಚಾಪೆಯೇ ದಿನವೂ ಹೇಳುತ್ತಿತ್ತು. ಇಲ್ಲಿ ಆ ಚಾಪೆ ಇಲ್ಲ. ಬಾಯಿ ಬಿಟ್ಟು ನಾವೇ ಹೇಳಬೇಕು. ಹೇಳಿದ ಮೇಲೆ ಮಗು ಒಪ್ಪದೆ ತನ್ನ ಕಾರಣ ಕೊಟ್ಟರೆ ಅದನ್ನೂ ಪೂರ್ತಿಯಾಗಿ ಕೇಳಬೇಕು.

ಮಗಳು ಎಲ್ಲ ಕೇಳಿ, "ಇದನ್ನ ಆವತ್ತೇ ಹೇಳಿದ್ದರೆ ನಾನೇ ಬಿಡ್ತಿದ್ದೆ" ಎಂದಳು. ನಿಜವೋ, ನಮ್ಮ ಸಮಾಧಾನಕ್ಕೋ ತಿಳಿಯದು. ಮುಂದಿನ ಫೆಬ್ರವರಿಯಲ್ಲಿ ಮತ್ತೊಬ್ಬ ಹುಡುಗ ಬರುವವನಿದ್ದಾಗ ಈ ಸಲ ನಾವು ಕೂತು ಮಾತಾಡಿದೆವು. ಅವಳು ಎರಡು ವಾರ ಕೋಣೆ ಬಿಟ್ಟುಕೊಟ್ಟಳು. ಉಳಿದ ಎರಡು ವಾರ ನಡುಮನೆಯಲ್ಲಿ ಹಾಸಿಗೆ ಹಾಕಿಕೊಂಡವರು ನಾವು. ಸೊಂಟ ನೋವು ಬಂದದ್ದು ಬೇರೆ ಮಾತು, ಅದಕ್ಕೆ ಮಾತ್ರೆ ನಮ್ಮ ಹತ್ತಿರವೇ ಇತ್ತು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಮಕ್ಕಳಿಗೂ ಪುಣ್ಯಕೋಟಿಯ ಪ್ರಶ್ನೆ ಕೇಳಿ ನೋಡಿ. ಉತ್ತರವನ್ನು ತಿದ್ದಬೇಡಿ, ಕಾರಣ ಮಾತ್ರ ಕೇಳಿ. ಮಕ್ಕಳು ಹೇಳಿದ್ದನ್ನು ಅವರ ವಯಸ್ಸಿನೊಡನೆ ಬರೆದು ಸಂಪಾದಕರಿಗೆ ಕಳಿಸಿದರೆ ದೀಪಾವಳಿ ಸಂಚಿಕೆಯಲ್ಲಿ ಹಾಕೋಣ. ಮನೆಗೆ ಅಜ್ಜಿ ತಾತ ಬಂದಿದ್ದರೆ ಅವರನ್ನೂ ತ‌ಪ್ಪದೆ ಕೇಳಿ.